ಮೊದಲ ಸುತ್ತನ್ನು ತಡೆದು ಓಡುವ ವಿದ್ಯೆ: ಕಾಲೇಜಿನ 800 ಮತ್ತು 1500 ಮೀಟರ್ ಓಟಗಾರರಿಗೆ

ಅಂತರಕಾಲೇಜು ಕ್ರೀಡಾಕೂಟದಲ್ಲಿ 800 ಮೀಟರ್ ಓಟವನ್ನು ಕುಳಿತು ನೋಡಿದವರಿಗೆ ಈ ದೃಶ್ಯ ಹೊಸದಲ್ಲ. ಪಿಸ್ತೂಲಿನ ಸದ್ದಾದ ಕೂಡಲೇ ಒಬ್ಬ ಹುಡುಗ ಬಾಣದಂತೆ ಹೊರಟು, ಮುನ್ನೂರು ಮೀಟರಿನಲ್ಲಿ ಉಳಿದವರಿಗಿಂತ ಹತ್ತು ಹದಿನೈದು ಮೀಟರ್ ಮುಂದಿರುತ್ತಾನೆ. ಅವನ ಕಾಲೇಜಿನವರೆಲ್ಲ ಎದ್ದುನಿಂತು ಕೂಗುತ್ತಾರೆ. ಆರುನೂರು ಮೀಟರ್ ದಾಟಿದ ಮೇಲೆ ಅವನ ಭುಜಗಳು ಕಿವಿಯ ಕಡೆಗೆ ಏರುತ್ತವೆ, ಕತ್ತು ಹಿಂದಕ್ಕೆ ವಾಲುತ್ತದೆ, ಕೊನೆಯ ನೂರು ಮೀಟರಿನಲ್ಲಿ ಐದಾರು ಜನ ಅವನನ್ನು ದಾಟಿ ಹೋಗುತ್ತಾರೆ. ಪದವಿಯ ಮೊದಲ ಎರಡು ವರ್ಷ ಆ ಹುಡುಗ ನಾನೇ ಆಗಿದ್ದೆ. ಕೊನೆಯ ನೂರು ಮೀಟರಿನಲ್ಲಿ ನನಗೆ ಶಕ್ತಿ ಸಾಲದೆ ಸೋತೆನೆಂದೇ ಆಗ ನಂಬಿದ್ದೆ. ನಾನು ಸೋತದ್ದು ಮೊದಲ ಇನ್ನೂರು ಮೀಟರಿನಲ್ಲಿ ಎಂಬುದು ಅರ್ಥವಾಗಲು ಒಂದು ಮುರಿದ ಮೂಳೆಯೂ ಒಂದು ಪೂರ್ತಿ ಋತುವೂ ಬೇಕಾದವು.

ಅದೇ ತಪ್ಪು ಟ್ರ್ಯಾಕಿನ ಹೊರಗೂ ನಡೆಯುತ್ತದೆ ಎಂಬುದನ್ನು ಆಮೇಲೆ ಕಂಡುಕೊಂಡೆ. ಜೂನ್ ತಿಂಗಳಲ್ಲಿ ಹುಮ್ಮಸ್ಸಿನಿಂದ ವಾರಕ್ಕೆ ನಾಲ್ಕು ದಿನ ವೇಗದ ಓಟ ಓಡಿದವನು ಅಕ್ಟೋಬರಿನಲ್ಲಿ ಕುಂಟುತ್ತಾನೆ. ಸೋಮವಾರ ಬೆಳಿಗ್ಗೆ ಜಿದ್ದಿಗೆ ಬಿದ್ದು ಓಡಿದವಳು ಗುರುವಾರದ ಮುಖ್ಯ ಅಭ್ಯಾಸಕ್ಕೆ ಬತ್ತಿಹೋಗಿರುತ್ತಾಳೆ. ಈ ಲೇಖನವನ್ನು ಮೈಸೂರಿನಂಥ ಊರಿನ ಹಾಸ್ಟೆಲಿನಲ್ಲಿದ್ದು, ಬೆಳಿಗ್ಗೆ ಓಡಿ, ಹತ್ತು ಗಂಟೆಗೆ ತರಗತಿಯಲ್ಲಿ ಕೂರಬೇಕಾದ ವಿದ್ಯಾರ್ಥಿಯನ್ನು ಕಣ್ಣಮುಂದಿಟ್ಟುಕೊಂಡು, ಶೈಕ್ಷಣಿಕ ವರ್ಷದ ಕ್ರಮದಲ್ಲೇ ಬರೆದಿದ್ದೇನೆ.

ಓಟದ ಸ್ವಭಾವ

ಎಂಟುನೂರು ಮೀಟರನ್ನು ಉದ್ದನೆಯ ಸ್ಪ್ರಿಂಟ್ ಎಂದುಕೊಂಡರೆ ಅಭ್ಯಾಸವೆಲ್ಲ ದಾರಿ ತಪ್ಪುತ್ತದೆ. ಈ ಓಟಕ್ಕೆ ಬೇಕಾದ ಶಕ್ತಿಯಲ್ಲಿ ಸುಮಾರು ಮೂರನೇ ಎರಡು ಪಾಲು ಆಮ್ಲಜನಕವನ್ನು ಬಳಸಿಕೊಂಡೇ ಹುಟ್ಟುತ್ತದೆ. 1500 ಮೀಟರಿನಲ್ಲಿ ಆ ಪಾಲು ಶೇಕಡಾ 80ನ್ನೂ ಮೀರುತ್ತದೆ. ಉಳಿದ ಪಾಲು ಆಮ್ಲಜನಕದ ನೆರವಿಲ್ಲದೆ ಬರುವ ಶಕ್ತಿ. ಅದು ಬೇಗ ಸಿಗುತ್ತದೆ, ಬೇಗ ಮುಗಿಯುತ್ತದೆ, ಮುಗಿಯುವಾಗ ಸ್ನಾಯುಗಳೊಳಗೆ ಆಮ್ಲೀಯತೆಯನ್ನು ಹೆಚ್ಚಿಸಿ ಕಾಲುಗಳನ್ನು ಕಲ್ಲಾಗಿಸುತ್ತದೆ. ಮೊದಲ ಇನ್ನೂರು ಮೀಟರಿನಲ್ಲೇ ಆ ಉಳಿತಾಯವನ್ನು ಬಹುಪಾಲು ಖರ್ಚು ಮಾಡಿದವನಿಗೆ ಕೊನೆಗೆ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಹಾಗೆಂದು ಎರಡು ಸುತ್ತುಗಳನ್ನೂ ಒಂದೇ ಸಮಯದಲ್ಲಿ ಓಡಬೇಕೆಂದಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕೆನ್ಯಾದ ಡೇವಿಡ್ ರುಡಿಶಾ 1 ನಿಮಿಷ 40.91 ಸೆಕೆಂಡಿನ ವಿಶ್ವದಾಖಲೆ ಬರೆದಾಗ ಮೊದಲ ಸುತ್ತಿಗೆ 49.28 ಸೆಕೆಂಡ್, ಎರಡನೆಯದಕ್ಕೆ 51.63 ಸೆಕೆಂಡ್ ತೆಗೆದುಕೊಂಡರು. ಮೊದಲ ಸುತ್ತು ತುಸು ವೇಗವಾಗಿರುವುದು ಈ ಓಟದ ಸಹಜ ಗುಣ. ನಮ್ಮ ಕಾಲೇಜು ಓಟಗಾರರಲ್ಲಿ ಆ ಅಂತರ ಎಂಟು, ಹತ್ತು ಸೆಕೆಂಡಿನಷ್ಟಾಗುವುದೇ ತೊಂದರೆ. ಅದನ್ನು ಎರಡು ಮೂರು ಸೆಕೆಂಡಿಗೆ ಇಳಿಸಿದರೆ, ಬೇರೆ ಯಾವ ಅಭ್ಯಾಸವನ್ನೂ ಸೇರಿಸದೆಯೇ ಸಮಯ ಸುಧಾರಿಸುತ್ತದೆ.

ಮೊದಲ ಹೆಜ್ಜೆ: ಬೂಟು ಕಟ್ಟುವ ಮುನ್ನ

ಸೆಮಿಸ್ಟರ್ ಆರಂಭವಾದ ವಾರದಲ್ಲೇ ಮೂರು ಕೆಲಸ ಮುಗಿಸಿಕೊಳ್ಳಿ. ಒಂದು, ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರನ್ನು ಖುದ್ದಾಗಿ ಕಂಡು, ನಿಮ್ಮ ಓಟ ಯಾವುದು, ಹಿಂದಿನ ಸಮಯ ಎಷ್ಟು ಎಂಬುದನ್ನು ತಿಳಿಸಿ, ಅಂತರಕಾಲೇಜು ಕೂಟ ಮತ್ತು ಗುಡ್ಡಗಾಡು ಓಟದ ಅಂದಾಜು ದಿನಾಂಕಗಳನ್ನು ಕೇಳಿ ಬರೆದುಕೊಳ್ಳಿ. ಅರ್ಹತಾ ಅರ್ಜಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಿಯುಸಿ ಅಂಕಪಟ್ಟಿ, ಪ್ರಸಕ್ತ ವರ್ಷದ ಶುಲ್ಕದ ರಸೀದಿ, ಭಾವಚಿತ್ರಗಳು ಬೇಕಾಗುತ್ತವೆ. ಇವುಗಳ ನಾಲ್ಕೈದು ಪ್ರತಿಗಳನ್ನು ಒಂದು ಕಡತದಲ್ಲಿ ಸಿದ್ಧವಾಗಿಟ್ಟರೆ ಕೂಟದ ಹಿಂದಿನ ದಿನ ಜೆರಾಕ್ಸ್ ಅಂಗಡಿಗೆ ಅಲೆಯುವ ಗೋಜಿರುವುದಿಲ್ಲ.

ಎರಡನೆಯದು ರಕ್ತ ಪರೀಕ್ಷೆ. ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ ಪರೀಕ್ಷೆಯನ್ನೂ ಮಾಡಿಸಿ. ಹಿಮೋಗ್ಲೋಬಿನ್ ಸರಿಯಾಗಿದ್ದರೂ ದೇಹದ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು, ಅದನ್ನು ಫೆರಿಟಿನ್ ತೋರಿಸುತ್ತದೆ. ವಿಶೇಷವಾಗಿ ಹುಡುಗಿಯರು ಮತ್ತು ಸಸ್ಯಾಹಾರಿಗಳು ಇದನ್ನು ಬಿಡಬಾರದು. ತಿಂಗಳುಗಟ್ಟಲೆ ‘ಸೋಮಾರಿ’ ಎಂಬ ಬೈಗುಳ ಕೇಳಿದ ಓಟಗಾರ್ತಿಯರಲ್ಲಿ ಕಬ್ಬಿಣದ ಕೊರತೆಯೊಂದೇ ಕಾರಣವಾಗಿದ್ದುದನ್ನು ನಾನು ಒಂದಕ್ಕಿಂತ ಹೆಚ್ಚು ಬಾರಿ ಕಂಡಿದ್ದೇನೆ. ಕಬ್ಬಿಣದ ಮಾತ್ರೆಯನ್ನು ಮಾತ್ರ ವೈದ್ಯರು ಬರೆದುಕೊಟ್ಟರಷ್ಟೇ ತೆಗೆದುಕೊಳ್ಳಿ, ಏಕೆಂದರೆ ಅಗತ್ಯಕ್ಕಿಂತ ಹೆಚ್ಚಿನ ಕಬ್ಬಿಣವೂ ಹಾನಿಕರ.

ಮೂರನೆಯದಾಗಿ, ತರಗತಿಗಳ ವೇಳಾಪಟ್ಟಿಯನ್ನು ಒಂದು ಹಾಳೆಯ ಮೇಲೆ ಬರೆದು, ಪ್ರಯೋಗಾಲಯದ ದಿನಗಳನ್ನು ಗುರುತಿಸಿಕೊಳ್ಳಿ. ಮೂರು ತಾಸು ನಿಂತು ಪ್ರಯೋಗ ಮಾಡಬೇಕಾದ ದಿನದ ಸಂಜೆ ಕಠಿಣ ಅಭ್ಯಾಸ ಇಟ್ಟುಕೊಳ್ಳುವುದು ಬೇಡ.

ಬೂಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇರುವ ಹಣದಲ್ಲಿ ಮೊದಲು ಒಳ್ಳೆಯ ಅಭ್ಯಾಸದ ಬೂಟು ಕೊಳ್ಳಿ, ಅಡಿಯಲ್ಲಿ ಮೊಳೆಗಳಿರುವ ಸ್ಪೈಕ್ಸ್ ಬೂಟು ಆಮೇಲೆ ಬರಲಿ. ಸಿಂಥೆಟಿಕ್ ಟ್ರ್ಯಾಕಿನಲ್ಲಿ ಮೊಳೆಯ ಉದ್ದ 9 ಮಿಲಿಮೀಟರ್ ಮೀರಬಾರದು. 2024ರ ನವೆಂಬರಿನಿಂದ ಟ್ರ್ಯಾಕ್ ಓಟಗಳಿಗೆ ಬೂಟಿನ ಅಟ್ಟೆಯ ದಪ್ಪವೂ 20 ಮಿಲಿಮೀಟರಿಗೆ ಸೀಮಿತವಾಗಿದೆ. ರಸ್ತೆ ಓಟಕ್ಕೆಂದು ಬಂದಿರುವ ದಪ್ಪ ಅಟ್ಟೆಯ ದುಬಾರಿ ಬೂಟುಗಳನ್ನು ಟ್ರ್ಯಾಕಿಗೆಂದು ಕೊಂಡು ಮೋಸಹೋಗಬೇಡಿ.

ಎರಡನೆಯ ಹೆಜ್ಜೆ: ನಿಧಾನವಾಗಿ ಓಡುವ ಎಂಟು ವಾರ

ಜೂನ್‌ನಿಂದ ಆಗಸ್ಟ್ ಮೊದಲ ವಾರದವರೆಗಿನ ಅವಧಿ ಇಡೀ ವರ್ಷದ ‘ಮೊದಲ ಸುತ್ತು’. ಇಲ್ಲಿ ಮಾಡಬೇಕಾದ ಕೆಲಸ ಹೇಳಲು ಸುಲಭ, ಪಾಲಿಸಲು ಕಷ್ಟ: ವಾರದಲ್ಲಿ ಐದಾರು ದಿನ, ಪಕ್ಕದಲ್ಲಿ ಓಡುವವರ ಜೊತೆ ಪೂರ್ತಿ ವಾಕ್ಯಗಳಲ್ಲಿ ಮಾತನಾಡಲು ಸಾಧ್ಯವಾಗುವಷ್ಟು ನಿಧಾನವಾಗಿ ಓಡಬೇಕು. 800 ಮೀಟರನ್ನು 2 ನಿಮಿಷ 4 ಸೆಕೆಂಡಿನಲ್ಲಿ ಓಡುವ ಹುಡುಗನಿಗೆ ಈ ವೇಗ ಕಿಲೋಮೀಟರಿಗೆ ಸುಮಾರು 4 ನಿಮಿಷ 45 ಸೆಕೆಂಡಿನಿಂದ 5 ನಿಮಿಷ 15 ಸೆಕೆಂಡ್. 2 ನಿಮಿಷ 25 ಸೆಕೆಂಡಿನಲ್ಲಿ ಓಡುವ ಹುಡುಗಿಗೆ ಸುಮಾರು 5 ನಿಮಿಷ 30 ಸೆಕೆಂಡಿನಿಂದ 6 ನಿಮಿಷ. ಈ ಓಟಗಳು ಹೃದಯ ಒಂದು ಬಡಿತಕ್ಕೆ ಹೊರಹಾಕುವ ರಕ್ತದ ಪ್ರಮಾಣವನ್ನು ಹೆಚ್ಚಿಸುತ್ತವೆ, ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳನ್ನು ಬೆಳೆಸುತ್ತವೆ, ಮೂಳೆ ಮತ್ತು ಸ್ನಾಯುರಜ್ಜುಗಳನ್ನು ಮುಂದಿನ ಏಟಿಗೆ ಹದಗೊಳಿಸುತ್ತವೆ. ಮೂಳೆ ಹದಗೊಳ್ಳುವುದು ಉಸಿರು ಹದಗೊಳ್ಳುವುದಕ್ಕಿಂತ ನಿಧಾನ ಎಂಬುದನ್ನು ಮರೆಯಬೇಡಿ. ಮೂರನೆಯ ವಾರದ ಹೊತ್ತಿಗೆ ಉಸಿರು ‘ಇನ್ನೂ ಓಡು’ ಎನ್ನುತ್ತದೆ, ಆದರೆ ಕಣಕಾಲಿನ ಮೂಳೆ ಇನ್ನೂ ಒಪ್ಪಿರುವುದಿಲ್ಲ. ನನ್ನ ಮೂಳೆಯಲ್ಲಿ ಬಿರುಕು ಬಿಟ್ಟದ್ದು ಇದೇ ಸಂಧಿಯಲ್ಲಿ.

ಮೊದಲ ವಾರ 25 ಕಿಲೋಮೀಟರಿನಿಂದ ಆರಂಭಿಸಿ, ವಾರಕ್ಕೆ ಮೂರ್ನಾಲ್ಕು ಕಿಲೋಮೀಟರ್ ಸೇರಿಸುತ್ತಾ, ನಾಲ್ಕನೆಯ ವಾರ ಮಾತ್ರ ಸ್ವಲ್ಪ ಇಳಿಸಿ, ಎಂಟನೆಯ ವಾರಕ್ಕೆ 45 ಕಿಲೋಮೀಟರ್ ತಲುಪಿದರೆ ಮೊದಲ ವರ್ಷದ ವಿದ್ಯಾರ್ಥಿಗೆ ಸಾಕು. ಅನುಭವಿಗಳು 60 ಅಥವಾ 70 ಕಿಲೋಮೀಟರಿನವರೆಗೆ ಹೋಗಬಹುದು. ಸಾಧ್ಯವಾದಷ್ಟೂ ಮಣ್ಣಿನ ಮೇಲೆ ಓಡಿ. ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆಯ ಸುತ್ತಲಿನ ದಾರಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಮರಗಳ ನೆರಳು, ಮೆತ್ತನೆಯ ನೆಲ, ವಾಹನಗಳ ಕಾಟವಿಲ್ಲ. ಅಲ್ಲಿ ನಡೆಯಲು ಬರುವ ಹಿರಿಯರಿಗೆ ದಾರಿ ಬಿಟ್ಟು ಓಡುವುದು ನಮ್ಮ ಹೊಣೆ.

ಈ ಎಂಟು ವಾರಗಳಲ್ಲಿ ವೇಗವನ್ನು ಪೂರ್ತಿ ಮರೆಯಬೇಕಿಲ್ಲ. ವಾರಕ್ಕೆ ಎರಡು ಸಲ ನಿಧಾನದ ಓಟದ ಕೊನೆಯಲ್ಲಿ 80 ಮೀಟರಿನ ಆರು ಸ್ಟ್ರೈಡ್‌ಗಳನ್ನು, ಅಂದರೆ ಬಿಗಿಯಿಲ್ಲದ, ಹರಿಯುವಂಥ ವೇಗದ ಓಟಗಳನ್ನು, ನಡುನಡುವೆ ನಡೆದು ಹಿಂದಿರುಗುತ್ತಾ ಓಡಿ. ವಾರಕ್ಕೊಮ್ಮೆ ಏರು ದಾರಿಯಲ್ಲಿ 20 ಸೆಕೆಂಡಿನ ಎಂಟು ಓಟಗಳನ್ನೂ ಸೇರಿಸಬಹುದು. ಚಾಮುಂಡಿ ಬೆಟ್ಟದ ಏರು ಹತ್ತಿರವಿರುವವರಿಗೆ ಅದೊಂದು ಭಾಗ್ಯ. ಆದರೆ ಮೆಟ್ಟಿಲುಗಳನ್ನು ಓಡಿ ಇಳಿಯಬೇಡಿ. ಇಳಿಯುವಾಗ ಮೊಣಕಾಲಿನ ಮೇಲೆ ಬೀಳುವ ಭಾರ ಹತ್ತುವಾಗಿನದಕ್ಕಿಂತ ಬಹಳ ಹೆಚ್ಚು.

ಮೂರನೆಯ ಹೆಜ್ಜೆ: ವಾರವನ್ನು ಜೋಡಿಸುವ ಬಗೆ

ಆಗಸ್ಟ್ ಮಧ್ಯದಿಂದ ವಾರಕ್ಕೆ ಎರಡು ಕಠಿಣ ಅಭ್ಯಾಸ, ಒಂದು ದೀರ್ಘ ಓಟ, ಉಳಿದದ್ದು ನಿಧಾನದ ಓಟ ಎಂಬ ಕ್ರಮಕ್ಕೆ ಬನ್ನಿ. ಎರಡು ಕಠಿಣ ದಿನಗಳ ನಡುವೆ ಕನಿಷ್ಠ 48 ತಾಸುಗಳ ಅಂತರವಿರಲಿ. ನಾನು ಮೂರನೆಯ ವರ್ಷ ಅನುಸರಿಸಿದ ವಾರ ಹೀಗಿತ್ತು: ಸೋಮವಾರ 45 ನಿಮಿಷ ನಿಧಾನದ ಓಟ ಮತ್ತು ಸ್ಟ್ರೈಡ್‌ಗಳು, ಮಂಗಳವಾರ ಸಂಜೆ ಮೊದಲ ಕಠಿಣ ಅಭ್ಯಾಸ, ಬುಧವಾರ ಪ್ರಯೋಗಾಲಯವಿದ್ದುದರಿಂದ ಬೆಳಿಗ್ಗೆ ಅರ್ಧ ತಾಸಿನ ಹಗುರ ಓಟ, ಗುರುವಾರ 50 ನಿಮಿಷ ನಿಧಾನದ ಓಟ, ಶುಕ್ರವಾರ ಸಂಜೆ ಎರಡನೆಯ ಕಠಿಣ ಅಭ್ಯಾಸ, ಶನಿವಾರ ಪೂರ್ಣ ವಿಶ್ರಾಂತಿ, ಭಾನುವಾರ ಬೆಳಿಗ್ಗೆ 70ರಿಂದ 80 ನಿಮಿಷದ ದೀರ್ಘ ಓಟ. ಕಠಿಣ ಅಭ್ಯಾಸ ಮುಗಿದ ದಿನವೇ, ಸ್ವಲ್ಪ ವಿಶ್ರಾಂತಿಯ ನಂತರ, ಬಸ್ಕಿ, ಒಂಟಿಗಾಲಿನಲ್ಲಿ ಹಿಮ್ಮಡಿ ಎತ್ತುವುದು, ಪ್ಲ್ಯಾಂಕ್ ಮೊದಲಾದ ಶಕ್ತಿವರ್ಧಕ ವ್ಯಾಯಾಮಗಳನ್ನು ಅರ್ಧ ತಾಸು ಮಾಡುತ್ತಿದ್ದೆ. ಕಠಿಣ ದಿನವನ್ನು ಕಠಿಣವಾಗಿಯೂ ಹಗುರ ದಿನವನ್ನು ನಿಜವಾಗಿ ಹಗುರವಾಗಿಯೂ ಇಡುವುದೇ ಇದರ ಉದ್ದೇಶ. ಹಗುರ ದಿನದಲ್ಲಿ ಗೆಳೆಯ ಮುಂದೆ ಹೋದರೆ ಹೋಗಲಿ ಎಂದು ಬಿಡಲು ಕಲಿಯುವುದು, ನನ್ನ ಅನುಭವದಲ್ಲಿ, ಈ ಓಟದ ಅತ್ಯಂತ ಕಷ್ಟದ ಪಾಠ.

ಬೆಳಿಗ್ಗೆ ಕತ್ತಲಿರುವಾಗ ಓಡುವ ಹುಡುಗಿಯರು ಒಬ್ಬರೇ ಹೋಗದೆ ಇಬ್ಬರು ಮೂವರು ಸೇರಿ ಹೋಗುವಂತೆಯೂ, ಹಾಸ್ಟೆಲಿನ ಗೇಟು ತೆರೆಯುವ ಸಮಯದ ಬಗ್ಗೆ ವಾರ್ಡನ್ ಅವರಿಂದ ಬರಹದಲ್ಲಿ ಅನುಮತಿ ಪಡೆಯುವಂತೆಯೂ ವರ್ಷದ ಆರಂಭದಲ್ಲೇ ವ್ಯವಸ್ಥೆ ಮಾಡಿಕೊಳ್ಳಬೇಕು. ದೈಹಿಕ ಶಿಕ್ಷಣ ನಿರ್ದೇಶಕರ ಒಂದು ಪತ್ರ ಇಂಥ ಕಡೆ ಬಹಳ ಕೆಲಸ ಮಾಡುತ್ತದೆ.

ನಾಲ್ಕನೆಯ ಹೆಜ್ಜೆ: ಸ್ಟಾಪ್‌ವಾಚ್ ಹಿಡಿದು ವೇಗ ಕಲಿಯುವುದು

ಕಠಿಣ ಅಭ್ಯಾಸಗಳು ಮೂರು ಬಗೆಯವು. ಮೊದಲನೆಯದು ಕಷ್ಟವೆನಿಸಿದರೂ ಹತೋಟಿ ತಪ್ಪದ ವೇಗದಲ್ಲಿ 1000 ಮೀಟರಿನ ಐದು ಓಟಗಳು, ನಡುವೆ ಒಂದು ನಿಮಿಷ ವಿಶ್ರಾಂತಿ. 2 ನಿಮಿಷ 4 ಸೆಕೆಂಡಿನ ಓಟಗಾರನಿಗೆ ಇದು ಕಿಲೋಮೀಟರಿಗೆ 3 ನಿಮಿಷ 35 ಸೆಕೆಂಡಿನ ಆಸುಪಾಸು. ಎರಡನೆಯದು 1500 ಮೀಟರ್ ಓಟದ ವೇಗದಲ್ಲಿ 400 ಮೀಟರಿನ ಆರು ಓಟಗಳು, ನಡುವೆ 90 ಸೆಕೆಂಡ್ ವಿಶ್ರಾಂತಿ. ಮೂರನೆಯದು 800 ಮೀಟರ್ ಓಟದ ವೇಗದಲ್ಲಿ 200 ಮೀಟರಿನ ನಾಲ್ಕು ಓಟಗಳ ಎರಡು ಕಂತು; ಓಟಗಳ ನಡುವೆ 200 ಮೀಟರ್ ನಡಿಗೆ, ಕಂತುಗಳ ನಡುವೆ ಎಂಟು ನಿಮಿಷ ಬಿಡುವು. ಆಗಸ್ಟ್, ಸೆಪ್ಟೆಂಬರಿನಲ್ಲಿ ಮೊದಲೆರಡು ಬಗೆಗಳಿಗೆ ಆದ್ಯತೆ ಕೊಟ್ಟು, ಕೂಟಕ್ಕೆ ಆರು ವಾರ ಇರುವಾಗ ಮೂರನೆಯದನ್ನು ತನ್ನಿ.

ಇಲ್ಲಿ ಲೆಕ್ಕ ಕಟ್ಟುನಿಟ್ಟಾಗಿರಬೇಕು. 800 ಮೀಟರನ್ನು 2 ನಿಮಿಷದಲ್ಲಿ ಮುಗಿಸುವ ಗುರಿಯಿದ್ದರೆ ಇನ್ನೂರು ಮೀಟರಿನ ತುಣುಕುಗಳು 29, 30, 30.5, 30.5 ಸೆಕೆಂಡ್ ಆಗಲಿ. ಮೊದಲ ಸುತ್ತು 59, ಎರಡನೆಯದು 61. ಅಭ್ಯಾಸದಲ್ಲಿ 200 ಮೀಟರನ್ನು 30 ಸೆಕೆಂಡಿನಲ್ಲಿ ಓಡಬೇಕಾದವನು 27ರಲ್ಲಿ ಓಡಿ ಬೀಗಿದರೆ ಆ ದಿನದ ಪಾಠ ವ್ಯರ್ಥವಾಯಿತೆಂದೇ ಅರ್ಥ, ಏಕೆಂದರೆ ಅಂದು ಅವನ ಕಾಲು ಕಲಿಯಬೇಕಿದ್ದುದು 30 ಸೆಕೆಂಡಿನ ಲಯವನ್ನು. 1500 ಮೀಟರಿಗೆ 4 ನಿಮಿಷ 10 ಸೆಕೆಂಡಿನ ಗುರಿಯಾದರೆ ಪ್ರತಿ ಸುತ್ತಿಗೆ 66.7 ಸೆಕೆಂಡ್ ಬೀಳುತ್ತದೆ. ಆ ಓಟ ಮುಕ್ತಾಯದ ಗೆರೆಗಿಂತ 300 ಮೀಟರ್ ಹಿಂದಿನಿಂದ ಆರಂಭವಾಗುವುದರಿಂದ, ಗೆರೆಯನ್ನು ಮೊದಲ ಸಲ ದಾಟುವಾಗ 50 ಸೆಕೆಂಡ್, ಎರಡನೆಯ ಸಲ 1 ನಿಮಿಷ 56.7, ಕೊನೆಯ ಸುತ್ತಿನ ಗಂಟೆ ಬಾರಿಸುವಾಗ 3 ನಿಮಿಷ 3.3 ಸೆಕೆಂಡ್ ತೋರಬೇಕು. ಈ ಅಂಕಿಗಳು ಬಾಯಿಪಾಠವಾಗಿರಲಿ.

ವಾರಕ್ಕೊಮ್ಮೆ ಒಂದು ಪರೀಕ್ಷೆ ಮಾಡಿಕೊಳ್ಳಿ: ಗಡಿಯಾರ ನೋಡದೆ ಗುರಿವೇಗದಲ್ಲಿ 200 ಮೀಟರ್ ಓಡಿ, ಮುಗಿಸಿದ ಕೂಡಲೇ ಎಷ್ಟಾಗಿರಬಹುದೆಂದು ಊಹಿಸಿ ಹೇಳಿ, ಆಮೇಲೆ ಗೆಳೆಯನ ಕೈಯ ಸ್ಟಾಪ್‌ವಾಚ್ ನೋಡಿ. ಆರಂಭದಲ್ಲಿ ಎರಡು ಸೆಕೆಂಡಿನಷ್ಟು ತಪ್ಪುತ್ತಿದ್ದ ನನ್ನ ಊಹೆ ಎರಡು ತಿಂಗಳಲ್ಲಿ ಅರ್ಧ ಸೆಕೆಂಡಿಗೆ ಬಂತು. ಕೂಟದ ದಿನ ಕೂಗಾಟದ ನಡುವೆ ನನ್ನನ್ನು ತಡೆದು ಹಿಡಿದದ್ದು ಈ ಅಭ್ಯಾಸವೇ.

ಟ್ರ್ಯಾಕಿನಲ್ಲಿ ನಡೆದುಕೊಳ್ಳುವ ರೀತಿಯ ಬಗ್ಗೆ ಒಂದೆರಡು ಮಾತು. ಒಳಗಿನ ಒಂದು ಮತ್ತು ಎರಡನೆಯ ಲೇನ್‌ಗಳನ್ನು ವೇಗವಾಗಿ ಓಡುವವರಿಗೆ ಬಿಟ್ಟು, ಹಗುರ ಓಟವನ್ನು ಹೊರಗಿನ ಲೇನ್‌ಗಳಲ್ಲಿ ಮಾಡಿ. ನಿಮ್ಮ ಓಟ ಮುಗಿದಾಗ ಗೆರೆಯ ಮೇಲೆಯೇ ಬಾಗಿ ನಿಲ್ಲದೆ, ಹಿಂದೆ ನೋಡಿ ಪಕ್ಕಕ್ಕೆ ಸರಿಯಿರಿ.

ತಟ್ಟೆ ಮತ್ತು ಹಾಸಿಗೆ

ಹಾಸ್ಟೆಲ್ ಮೆಸ್ಸಿನ ಊಟದಲ್ಲಿ ಅನ್ನ ಧಾರಾಳ, ಸಾರು ನೀರು, ಪಲ್ಯ ಒಂದು ಚಮಚ. ಓಟಗಾರರಿಗೆ ಅನ್ನ ಶತ್ರುವಲ್ಲ. ಕಠಿಣ ಅಭ್ಯಾಸಕ್ಕೆ ಬೇಕಾದ ಇಂಧನ ಅದರಲ್ಲೇ ಇದೆ. ಕೊರತೆ ಬೀಳುವುದು ಪ್ರೋಟೀನಿನದು. ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 1.2ರಿಂದ 1.6 ಗ್ರಾಂ ಪ್ರೋಟೀನ್ ಬೇಕು, ಅಂದರೆ 55 ಕಿಲೋ ತೂಗುವವರಿಗೆ 66ರಿಂದ 88 ಗ್ರಾಂ. ಇದನ್ನು ಡಬ್ಬದ ಪುಡಿಯಿಲ್ಲದೆಯೇ ತುಂಬಿಸಿಕೊಳ್ಳಬಹುದು: ರಾತ್ರಿ ನೆನೆಹಾಕಿದ ಒಂದು ಹಿಡಿ ಕಡಲೆ ಅಥವಾ ಮೊಳಕೆ ಹೆಸರುಕಾಳು, ಎರಡು ಮೂರು ಬೇಯಿಸಿದ ಮೊಟ್ಟೆ, ಎರಡು ಲೋಟ ಹಾಲು, ಮಧ್ಯಾಹ್ನ ಒಂದು ಬಟ್ಟಲು ಗಟ್ಟಿ ಮೊಸರು, ಸಂಜೆ ಒಂದು ಹಿಡಿ ಹುರಿದ ಶೇಂಗಾ, ರಾತ್ರಿ ಗಟ್ಟಿ ಬೇಳೆ ಅಥವಾ ಹುರುಳಿ ಸಾರು. ಮೆಸ್ಸಿನಲ್ಲಿ ಮುದ್ದೆ ಮಾಡುವ ದಿನ ಬಿಡಬೇಡಿ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಸುಣ್ಣದಂಶವಿದ್ದು, ಮೂಳೆಗೆ ಏಟು ಬೀಳುವ ನಮ್ಮಂಥವರಿಗೆ ಅದಕ್ಕಿಂತ ಅಗ್ಗದ ಔಷಧ ಇಲ್ಲ. ಸೊಪ್ಪು, ಕಾಳುಗಳ ಮೇಲೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣ ಹೆಚ್ಚು ಹೀರಲ್ಪಡುತ್ತದೆ, ಊಟದ ಬೆನ್ನಿಗೇ ಕಾಫಿ, ಚಹಾ ಕುಡಿದರೆ ಕಡಿಮೆಯಾಗುತ್ತದೆ. ಊಟಕ್ಕೂ ಅವಕ್ಕೂ ನಡುವೆ ಒಂದು ತಾಸು ಬಿಡಿ.

ಬೆಳಿಗ್ಗೆ ಓಡುವ ಮುನ್ನ ಒಂದು ಬಾಳೆಹಣ್ಣು, ಓಡಿ ಬಂದ ಅರ್ಧ ಮುಕ್ಕಾಲು ತಾಸಿನೊಳಗೆ ತಿಂಡಿ. ಎಂಟೂವರೆಗೆ ಮುಚ್ಚುವ ಮೆಸ್ಸಿಗೆ ಒಂಬತ್ತಕ್ಕೆ ಹೋಗಿ, ಬರಿ ಹೊಟ್ಟೆಯಲ್ಲೇ ತರಗತಿಗೆ ಹೋಗುವುದು ಓಟಗಾರರು ತಮ್ಮ ದೇಹಕ್ಕೆ ಮಾಡಿಕೊಳ್ಳುವ ದೊಡ್ಡ ಅನ್ಯಾಯ. ಕೋಣೆಯಲ್ಲಿ ಅವಲಕ್ಕಿ, ಬೆಲ್ಲ, ಶೇಂಗಾ ಚಿಕ್ಕಿ ಯಾವಾಗಲೂ ಇರಲಿ.

ತೂಕ ಇಳಿಸಿದರೆ ವೇಗ ಹೆಚ್ಚುತ್ತದೆಂದು ಊಟ ಬಿಡುವ ಹುಡುಗಿಯರಿಗೂ ಹುಡುಗರಿಗೂ ಒಂದು ಮಾತನ್ನು ಒತ್ತಿ ಹೇಳಬೇಕು. ಓಡುವುದಕ್ಕೆ ಬೇಕಾದಷ್ಟು ತಿನ್ನದಿದ್ದರೆ ದೇಹ ಮೊದಲು ಹಾರ್ಮೋನುಗಳಲ್ಲಿ, ಆಮೇಲೆ ಮೂಳೆಗಳಲ್ಲಿ ಉಳಿತಾಯ ಮಾಡತೊಡಗುತ್ತದೆ. ಮೂರು ತಿಂಗಳು ಮುಟ್ಟು ನಿಂತರೆ ಅದು ಒಳ್ಳೆಯ ತರಬೇತಿಯ ಗುರುತೆಂದು ಯಾರಾದರೂ ಹೇಳಿದರೆ ನಂಬಬೇಡಿ. ಕೂಡಲೇ ವೈದ್ಯರನ್ನು ಕಾಣಿ.

ನಿದ್ದೆ ಎಂಟು ತಾಸಿಗಿಂತ ಕಡಿಮೆಯಾಗಬಾರದು. ಐದೂವರೆಗೆ ಏಳುವವರು ಒಂಬತ್ತೂವರೆಗೆ ಮಲಗಬೇಕಾಗುತ್ತದೆ, ಅದು ಹಾಸ್ಟೆಲಿನಲ್ಲಿ ಸುಲಭವಲ್ಲ. ವರ್ಷದ ಆರಂಭದಲ್ಲೇ ಇನ್ನೊಬ್ಬ ಕ್ರೀಡಾಪಟುವಿನ ಜೊತೆ ಕೋಣೆ ಕೇಳಿಕೊಳ್ಳುವುದು ನನಗೆ ತಿಳಿದ ಒಂದೇ ಖಚಿತ ಉಪಾಯ.

ತರಗತಿ, ಹಾಜರಾತಿ, ಪರೀಕ್ಷೆ

ಪರೀಕ್ಷೆಗೆ ಕೂರಲು ಬಹುತೇಕ ಕಡೆ ಶೇಕಡಾ 75 ಹಾಜರಾತಿ ಬೇಕು. ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದ ದಿನಗಳಿಗೆ ವಿನಾಯಿತಿ ಸಿಗುತ್ತದೆಂಬ ಭರವಸೆಯಿಂದ ಉಳಿದ ದಿನ ತರಗತಿ ತಪ್ಪಿಸಬೇಡಿ. ಆ ವಿನಾಯಿತಿಗೆ ಕೂಟದ ಪತ್ರ, ಭಾಗವಹಿಸಿದ ಪ್ರಮಾಣಪತ್ರ, ವಿಭಾಗ ಮುಖ್ಯಸ್ಥರ ಸಹಿ ಎಲ್ಲವೂ ಬೇಕಾಗುತ್ತದೆ. ಕೂಟಕ್ಕೆ ಹೊರಡುವ ಮುನ್ನವೇ ಪ್ರತಿ ಅಧ್ಯಾಪಕರನ್ನು ಕಂಡು, ಯಾವ ದಿನಗಳಲ್ಲಿ ಇರುವುದಿಲ್ಲವೆಂದು ಪತ್ರ ಕೊಟ್ಟು, ಅದರ ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಎರಡನೆಯ ವರ್ಷ ನಾನು ಬಾಯಿಮಾತಿನಲ್ಲಿ ಹೇಳಿ ಹೋಗಿದ್ದರಿಂದ ಒಂದು ಆಂತರಿಕ ಪರೀಕ್ಷೆಯ ಅಂಕವನ್ನೇ ಕಳೆದುಕೊಂಡೆ. ತಪ್ಪು ಅಧ್ಯಾಪಕರದಾಗಿರಲಿಲ್ಲ, ಅವರ ಕೈಯಲ್ಲಿ ಕಾಗದವೇ ಇರಲಿಲ್ಲ.

ಸೆಮಿಸ್ಟರ್ ಪರೀಕ್ಷೆಯ ಎರಡು ಮೂರು ವಾರ ಅಭ್ಯಾಸವನ್ನು ಅರ್ಧಕ್ಕೆ ಇಳಿಸಿ, ಆದರೆ ಪೂರ್ತಿ ನಿಲ್ಲಿಸಬೇಡಿ. ದಿನಕ್ಕೆ 30 ನಿಮಿಷದ ನಿಧಾನ ಓಟ, ವಾರಕ್ಕೆರಡು ಸಲ ಸ್ಟ್ರೈಡ್‌ಗಳು ಇದ್ದರೆ ಕಟ್ಟಿಕೊಂಡದ್ದು ಕರಗುವುದಿಲ್ಲ, ಓದಿಗೂ ತಲೆ ಹಗುರವಾಗಿರುತ್ತದೆ.

ನೋವನ್ನು ಓದುವುದು

ಕಠಿಣ ಅಭ್ಯಾಸದ ಮರುದಿನ ತೊಡೆ, ಮೀನಖಂಡಗಳಲ್ಲಿ ಎರಡೂ ಕಡೆ ಹರಡಿರುವ ನೋವು ಸಹಜ. ಎರಡು ದಿನದಲ್ಲಿ ಹೋಗುತ್ತದೆ. ಒಂದೇ ಕಾಲಿನಲ್ಲಿ, ಒಂದೇ ಬೆರಳಿಟ್ಟು ತೋರಿಸಬಹುದಾದ ಜಾಗದಲ್ಲಿ, ಮೂಳೆಯ ಮೇಲೆಯೇ ಬರುವ ನೋವು ಬೇರೆ ಜಾತಿಯದು. ನನ್ನ ಕಣಕಾಲಿನ ಒಳಬದಿಯಲ್ಲಿ ಅಂಥ ನೋವು ಕಾಣಿಸಿಕೊಂಡಾಗ ಮೂರು ವಾರ ಅದರ ಮೇಲೆಯೇ ಓಡಿದೆ, ಓಡಲು ಆರಂಭಿಸಿದ ಮೇಲೆ ಕಡಿಮೆಯಾಗುತ್ತದೆಂಬ ಸಮಾಧಾನದಿಂದ. ಕಡೆಗೆ ನಡೆಯುವಾಗಲೂ, ರಾತ್ರಿ ಮಲಗಿದಾಗಲೂ ನೋಯತೊಡಗಿತು. ಮೊದಲು ತೆಗೆದ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಇಂಥ ಸೂಕ್ಷ್ಮ ಬಿರುಕು ಆರಂಭದ ಎಕ್ಸ್‌ರೇಯಲ್ಲಿ ಕಾಣದಿರುವುದು ಸಾಮಾನ್ಯ, ಎಂಆರ್‌ಐಯಲ್ಲಿ ಕಾಣುತ್ತದೆ. ಮೂರು ವಾರ ಮೊದಲೇ ನಿಲ್ಲಿಸಿದ್ದರೆ ಕೆಲವೇ ವಾರಗಳಲ್ಲಿ ಮುಗಿಯುತ್ತಿದ್ದ ತೊಂದರೆ ನನ್ನ ಇಡೀ ಋತುವನ್ನು ನುಂಗಿತು.

ಆದ್ದರಿಂದ ಈ ನಿಯಮ ಇಟ್ಟುಕೊಳ್ಳಿ: ಕುಂಟಿಸುವ ನೋವು, ಓಡುತ್ತಾ ಹೆಚ್ಚುವ ನೋವು, ಒಂಟಿಗಾಲಿನಲ್ಲಿ ಕುಪ್ಪಳಿಸಿದಾಗ ಚುಚ್ಚುವ ನೋವು, ಇವುಗಳಲ್ಲಿ ಯಾವುದಾದರೂ ಇದ್ದರೆ ಅಂದೇ ಓಟ ನಿಲ್ಲಿಸಿ. ನಾಲ್ಕೈದು ದಿನದಲ್ಲಿ ಕಡಿಮೆಯಾಗದಿದ್ದರೆ ಮೂಳೆ ತಜ್ಞರನ್ನೋ ಕ್ರೀಡಾ ಫಿಸಿಯೋಥೆರಪಿಸ್ಟರನ್ನೋ ಕಾಣಿ. ನೋವುನಿವಾರಕ ಮಾತ್ರೆ ನುಂಗಿ ಓಡುವುದನ್ನು ಮಾತ್ರ ಯಾವ ಕೂಟಕ್ಕಾಗಿಯೂ ಮಾಡಬೇಡಿ.

ಮಾತ್ರೆಯ ಮಾತು ಬಂದದ್ದರಿಂದ ಇನ್ನೊಂದು ಎಚ್ಚರಿಕೆ. ವಿಶ್ವವಿದ್ಯಾಲಯ ಮಟ್ಟದ ಕೂಟಗಳಲ್ಲೂ ನಾಡಾ, ಅಂದರೆ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ, ಮಾದರಿ ಸಂಗ್ರಹಿಸಬಹುದು. ನೆಗಡಿಗೆಂದು ಅಂಗಡಿಯಲ್ಲಿ ಸಿಗುವ ಕೆಲವು ಮಾತ್ರೆಗಳಲ್ಲಿರುವ ಸೂಡೋಎಫೆಡ್ರಿನ್ ಸ್ಪರ್ಧೆಯ ಸಮಯದಲ್ಲಿ ಮಿತಿ ಮೀರಿದರೆ ನಿಷಿದ್ಧ. ಗೊತ್ತಿಲ್ಲದೆ ನುಂಗಿದೆ ಎಂಬ ಸಮಜಾಯಿಷಿ ಸಾಮಾನ್ಯವಾಗಿ ನಡೆಯುವುದಿಲ್ಲ. ಮಾತ್ರೆ ನುಂಗುವ ಮುನ್ನ ನಾಡಾದ ‘ನೋ ಯುವರ್ ಮೆಡಿಸಿನ್’ ಆ್ಯಪ್‌ನಲ್ಲಿ ಅದರ ಹೆಸರು ಹಾಕಿ ನೋಡಿ, ವೈದ್ಯರಿಗೆ ನೀವು ಕ್ರೀಡಾಪಟುವೆಂದು ಮೊದಲೇ ತಿಳಿಸಿ. ಜಿಮ್ಮಿನ ಪರಿಚಯಸ್ಥರು ಕೊಡುವ ಹೆಸರಿಲ್ಲದ ಪುಡಿಯನ್ನು ಮುಟ್ಟಲೇಬೇಡಿ.

ಐದನೆಯ ಹೆಜ್ಜೆ: ಕೂಟದ ವಾರ ಮತ್ತು ಓಟದ ದಿನ

ಕೂಟಕ್ಕೆ ಹತ್ತು ದಿನ ಇರುವಾಗ ಕೊನೆಯ ಕಠಿಣ ಅಭ್ಯಾಸ ಮುಗಿಸಿ. ಕೊನೆಯ ವಾರ ಓಡುವ ದೂರವನ್ನು ಅರ್ಧದಷ್ಟಕ್ಕೆ ತನ್ನಿ. ಮೂರು ದಿನ ಮೊದಲು ಗುರಿವೇಗದಲ್ಲಿ 200 ಮೀಟರಿನ ಮೂರ್ನಾಲ್ಕು ಓಟ ಓಡಿ ಲಯವನ್ನು ನೆನಪಿಸಿಕೊಂಡರೆ ಸಾಕು. ಮೈಸೂರು, ಬೆಂಗಳೂರಿನ ತಂಪಿನಲ್ಲಿ ಅಭ್ಯಾಸ ಮಾಡಿದವರು ಮಂಗಳೂರಿಗೋ ಮೂಡುಬಿದಿರೆಯ ಸ್ವರಾಜ್ಯ ಮೈದಾನಕ್ಕೋ ಹೋದಾಗ ಅಲ್ಲಿನ ಸೆಕೆಗೆ ಬೆವರು ಆರದೆ ಕಂಗೆಡುತ್ತಾರೆ. ಅಂಥ ಕಡೆ ವಾರ್ಮ್ ಅಪ್ ಅನ್ನು ಐದು ನಿಮಿಷ ಕಡಿಮೆ ಮಾಡಿ, ನೆರಳಿನಲ್ಲಿರಿ, ಓಆರ್‌ಎಸ್ ಬೆರೆಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ.

ಓಟಕ್ಕೆ ಮೂರು ತಾಸು ಮೊದಲು ಇಡ್ಲಿ, ಅವಲಕ್ಕಿ ಅಥವಾ ಮೊಸರನ್ನದಂಥ, ಮೊದಲೇ ತಿಂದು ರೂಢಿಯಿರುವ ಆಹಾರ ಸೇವಿಸಿ. ಒಂದು ತಾಸು ಇರುವಾಗ 12ರಿಂದ 15 ನಿಮಿಷ ಹಗುರ ಓಟ, ಆಮೇಲೆ ಮೊಣಕಾಲು ಎತ್ತುವ, ಹಿಮ್ಮಡಿ ತಾಕಿಸುವ ಡ್ರಿಲ್‌ಗಳು, ಕೊನೆಗೆ ನಾಲ್ಕು ಸ್ಟ್ರೈಡ್‌ಗಳು. ಓಟಕ್ಕೆ ಮುನ್ನ ಓಟಗಾರರನ್ನು ಹೆಸರು ಕರೆದು ಸೇರಿಸುವ ಕರೆಕೋಣೆಗೆ ಹೋಗುವ ಸಮಯವನ್ನು ವೇಳಾಪಟ್ಟಿಯಲ್ಲಿ ನೋಡಿ ಕೈಮೇಲೆ ಬರೆದುಕೊಳ್ಳಿ. ಎದೆಸಂಖ್ಯೆಗೆ ನಾಲ್ಕು ಪಿನ್ನುಗಳು, ಸ್ಪೈಕ್ಸ್ ಬಿಗಿಮಾಡುವ ಕೀಲಿ ಚೀಲದಲ್ಲಿರಲಿ.

ನಿಯಮದಂತೆ 800 ಮೀಟರಿನಲ್ಲಿ ಮೊದಲ ತಿರುವನ್ನು ತಮ್ಮ ತಮ್ಮ ಲೇನಿನಲ್ಲೇ ಓಡಿ, ಎದುರಿನ ನೇರ ಭಾಗದ ಆರಂಭದಲ್ಲಿರುವ ಹಸಿರು ಗೆರೆಯನ್ನು ದಾಟಿದ ಮೇಲೆ ಒಳಗೆ ಬರಬೇಕು. ಗೆರೆ ದಾಟಿದ ಕೂಡಲೇ ಒಳಕ್ಕೆ ನುಗ್ಗುವುದು ಹೊಸಬರು ಮಾಡುವ ತಪ್ಪು. ಮುಂದಿನ ತಿರುವಿನ ಆರಂಭದ ಕಡೆಗೆ ಕಣ್ಣಿಟ್ಟು ನೂರು ಮೀಟರ್ ಉದ್ದಕ್ಕೂ ಓರೆಯಾಗಿ ಸರಿದರೆ ದೂರವೂ ಉಳಿಯುತ್ತದೆ, ನೂಕಾಟವೂ ತಪ್ಪುತ್ತದೆ. ಸ್ಥಳೀಯ ಕೂಟಗಳಲ್ಲಿ ಎಲ್ಲರನ್ನೂ ಒಂದೇ ಬಾಗಿದ ಗೆರೆಯಿಂದ ಬಿಡುವುದೂ ಉಂಟು. ಯಾವ ಕ್ರಮವೆಂದು ಮೊದಲೇ ಕೇಳಿ ತಿಳಿಯಿರಿ. 400 ಮೀಟರಿಗಿಂತ ಉದ್ದದ ಓಟಗಳಲ್ಲಿ ‘ಸೆಟ್’ ಎಂಬ ಆದೇಶ ಇರುವುದಿಲ್ಲ, ‘ಆನ್ ಯುವರ್ ಮಾರ್ಕ್ಸ್’ ಆದ ಮೇಲೆ ನೇರವಾಗಿ ಪಿಸ್ತೂಲು. ಅದಕ್ಕೆ ಸಿದ್ಧರಾಗಿ ನಿಲ್ಲಿ.

ಮೊದಲ ನೂರು ಮೀಟರಿನಲ್ಲಿ ಎಲ್ಲರೂ ನಿಮ್ಮನ್ನು ಬಿಟ್ಟು ಹೋಗುತ್ತಿರುವಂತೆ ತೋರುತ್ತದೆ. ಆಗ ನಿಮ್ಮ 29 ಸೆಕೆಂಡಿನ ಲಯವನ್ನು ಬಿಡದೆ ಹಿಡಿಯಿರಿ. ಆದಷ್ಟೂ ಒಳಗಿನ ಲೇನಿನ ಹೊರ ಅಂಚಿನಲ್ಲಿ, ಮುಂದಿರುವವನ ಬಲಭುಜದ ಹಿಂದೆ ಇರಿ. ಅಲ್ಲಿದ್ದರೆ ಯಾರೂ ನಿಮ್ಮನ್ನು ಸುತ್ತುವರಿದು ಒಳಗೆ ಸಿಕ್ಕಿಸಲಾರರು. ಲೇನಿನ ಅಗಲ 1.22 ಮೀಟರ್ ಇರುವುದರಿಂದ ಒಂದು ತಿರುವನ್ನು ಪೂರ್ತಿ ಎರಡನೆಯ ಲೇನಿನಲ್ಲಿ ಓಡಿದರೆ ಸುಮಾರು 3.8 ಮೀಟರ್ ಹೆಚ್ಚು ಓಡಿದಂತಾಗುತ್ತದೆ. ಆದ್ದರಿಂದ ದಾಟುವುದಿದ್ದರೆ ನೇರ ಭಾಗದಲ್ಲಿ ದಾಟಿ, ತಿರುವಿನಲ್ಲಿ ಕಾಯಿರಿ. ಓಟದ ನಿಜವಾದ ಪರೀಕ್ಷೆ 450ರಿಂದ 600 ಮೀಟರಿನ ನಡುವೆ, ಎಲ್ಲರೂ ತಮಗೇ ತಿಳಿಯದೆ ನಿಧಾನವಾಗುವ ಜಾಗದಲ್ಲಿದೆ. ಅಲ್ಲಿ ವೇಗ ಹೆಚ್ಚಿಸಲು ಹೋಗದೆ, ಇರುವ ವೇಗವನ್ನು ಉಳಿಸಿಕೊಂಡರೆ ಸಾಕು, ಮುಂದಿದ್ದವರು ತಾವಾಗಿಯೇ ಹತ್ತಿರ ಬರುತ್ತಾರೆ. ಕೊನೆಯ ನೂರು ಮೀಟರಿನಲ್ಲಿ ದವಡೆ ಸಡಿಲಿಸಿ, ಭುಜ ಕೆಳಗಿಳಿಸಿ, ಕೈಗಳನ್ನು ಚುರುಕಾಗಿ ಬೀಸಿ. ಕಾಲು ಕೈಯನ್ನು ಹಿಂಬಾಲಿಸುತ್ತದೆ.

ಮುಂದೆ ನಿಂತು ಓಟವನ್ನು ನಡೆಸುವುದು ತಪ್ಪೆಂದು ನಾನು ಹೇಳುತ್ತಿಲ್ಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನ 800 ಮೀಟರ್ ಫೈನಲ್‌ನಲ್ಲಿ ನಮ್ಮ ಶ್ರೀರಾಮ್ ಸಿಂಗ್ ಮೊದಲ ಸುತ್ತನ್ನು ಮುನ್ನಡೆಸಿದರು. ಕ್ಯೂಬಾದ ಆಲ್ಬರ್ಟೊ ಹುವಾಂಟೊರೆನಾ 1 ನಿಮಿಷ 43.50 ಸೆಕೆಂಡಿನ ವಿಶ್ವದಾಖಲೆಯೊಂದಿಗೆ ಗೆದ್ದ ಆ ಓಟದಲ್ಲಿ ಶ್ರೀರಾಮ್ ಏಳನೆಯವರಾದರು. ಆದರೂ ಅಂದು ಅವರು ಓಡಿದ 1 ನಿಮಿಷ 45.77 ಸೆಕೆಂಡ್ 42 ವರ್ಷ ರಾಷ್ಟ್ರೀಯ ದಾಖಲೆಯಾಗಿ ಉಳಿಯಿತು. 2018ರಲ್ಲಿ ಗುವಾಹಟಿಯಲ್ಲಿ ಜಿನ್ಸನ್ ಜಾನ್ಸನ್ 1 ನಿಮಿಷ 45.65 ಸೆಕೆಂಡಿನಲ್ಲಿ ಓಡಿ ಅದನ್ನು ಮುರಿದರು. ಶ್ರೀರಾಮ್ ಅವರಂತೆ ಮುನ್ನಡೆಸಲು ಆ ವೇಗ ತನಗೆ ಎಷ್ಟು ದೂರ ಸಲ್ಲುತ್ತದೆಂದು ಬಲ್ಲ ಸಿದ್ಧತೆ ಬೇಕು. ಅದಿರುವ ದಿನ ನೀವೂ ಮುಂದೆ ಹೋಗಿ.

ಓಟದ ನಂತರ

ಗೆರೆ ದಾಟಿದ ಮೇಲೆ ಕುಸಿದು ಕೂರದೆ ನಡೆಯಿರಿ, ಉಸಿರು ಹದಕ್ಕೆ ಬಂದ ಮೇಲೆ ಹತ್ತು ನಿಮಿಷ ಬಹಳ ನಿಧಾನವಾಗಿ ಓಡಿ. ಅಂದು ರಾತ್ರಿಯೇ ದಿನಚರಿಯಲ್ಲಿ ಮೊದಲ ಸುತ್ತಿನ ಸಮಯ, ಎರಡನೆಯ ಸುತ್ತಿನ ಸಮಯ, ಎಲ್ಲಿ ದಾಟಿದಿರಿ, ಎಲ್ಲಿ ಸಿಕ್ಕಿಕೊಂಡಿರಿ, ಹಿಂದಿನ ರಾತ್ರಿ ಎಷ್ಟು ತಾಸು ಮಲಗಿದಿರಿ ಎಂಬುದನ್ನು ಬರೆಯಿರಿ. ಸ್ಥಾನ ಎಷ್ಟನೆಯದೆಂಬುದನ್ನು ಕೊನೆಗೆ ಬರೆದರೆ ಸಾಕು. ನಾನು ಮೂರನೆಯ ವರ್ಷದ ಕೂಟದಲ್ಲಿ ನಾಲ್ಕನೆಯವನಾದ ದಿನ ಬರೆದ ಪುಟದಲ್ಲಿ 60.1 ಮತ್ತು 61.8 ಎಂಬ ಎರಡು ಅಂಕಿಗಳಿವೆ. ಎರಡನೆಯ ವರ್ಷದ ಪುಟದಲ್ಲಿರುವುದು 57.4 ಮತ್ತು 67.9. ಪದಕ ಎರಡೂ ಸಲ ಬರಲಿಲ್ಲ, ಆದರೂ ಆ ಎರಡು ಪುಟಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಆದ ಸಂತೋಷ ಇಂದಿಗೂ ಮಾಸಿಲ್ಲ.

ಋತುವಿನ ಕೊನೆಯ ಕೂಟ ಮುಗಿದ ಮೇಲೆ ಎರಡು ವಾರ ಓಟವನ್ನು ಪೂರ್ತಿ ಬಿಡಿ. ಊರಿಗೆ ಹೋಗಿ, ಮನೆಯ ಊಟ ಮಾಡಿ, ಬಾಕಿ ಉಳಿದ ನೋಟ್ಸ್ ಬರೆದು ಮುಗಿಸಿ, ಸ್ಪೈಕ್ಸ್‌ನ ಮೊಳೆಗಳನ್ನು ಬಿಚ್ಚಿ ತುಕ್ಕು ಒರೆಸಿ, ತುಸು ಎಣ್ಣೆ ಹಚ್ಚಿ ಎತ್ತಿಡಿ. ಮೂರನೆಯ ವಾರ ಮತ್ತೆ ಬೂಟು ಕಟ್ಟಿದಾಗ, ಇಪ್ಪತ್ತು ನಿಮಿಷ, ಗಡಿಯಾರವಿಲ್ಲದೆ, ಕೆರೆಯ ದಾರಿಯಲ್ಲಿ.